ಮಾವನವರ ಗಡಿಯಾರ, ನನ್ನ ಹೊಸ ಕನ್ನಡಕ

ಗಡಿಯಾರ ರಿಪೇರಿಯಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ಬೇರೆ ಕಸುಬು ಹಿಡಿದಿದ್ದಾರೆ. ಇದನ್ನು ಒಪ್ಪದವರು ನನ್ನ ಅತ್ತೆ ಒಬ್ಬರೇ. ತೀರಿಕೊಂಡ ಮಾವನವರ ಕೈಗಡಿಯಾರ ನಿಂತಾಗ ಮೂರು ಅಂಗಡಿ ಸುತ್ತಿ, ಎಲ್ಲರೂ ಕೈಚೆಲ್ಲಿದ ಮೇಲೆ ನನ್ನ ಹತ್ತಿರ ಕಳಿಸಿದರು. ನಾನು ಫೋನಿನಲ್ಲೇ ಘೋಷಿಸಿದೆ: "ಭಾನುವಾರ ಸಂಜೆ ಬನ್ನಿ. ಓಡೋ ಗಡಿಯಾರ ನಿಮ್ಮ ಕೈಲಿಡ್ತೀನಿ."

ಶನಿವಾರವೇ ಕೆಲಸ ಮುಗಿಯುತ್ತಾ ಬಂದಿತ್ತು. ಉಳಿದದ್ದು ಒಂದೇ ಸ್ಕ್ರೂ. ಅಷ್ಟರಲ್ಲಿ ನನ್ನ ಹೊಸ ಕನ್ನಡಕ ಬಂತು: ಮೇಲಿನ ಗಾಜು ದೂರಕ್ಕೆ, ಕೆಳಗಿನದು ಹತ್ತಿರಕ್ಕೆ. "ಕಣ್ಣಿಗೂ ಕೈಗೂ ಹೊಂದಿಕೆ ಆಗೋಕೆ ಎರಡು ವಾರ ಬೇಕು ಸಾರ್. ಅಲ್ಲೀವರೆಗೆ ಸಣ್ಣ ಕೆಲಸ ಬೇಡ" ಎಂದ ಕನ್ನಡಕದ ಅಂಗಡಿಯವನು. ಅದು ಸಾಮಾನ್ಯರಿಗೆ! ಹುರುಪಿನಲ್ಲಿ ನನ್ನ ಹಳೆಯ ಭೂತಗನ್ನಡಿಯನ್ನು ಪಕ್ಕದ ಮನೆಯ ಅಜ್ಜನಿಗೆ ಪತ್ರಿಕೆ ಓದಲು ದಾನ ಮಾಡಿಬಿಟ್ಟೆ.

ಭಾನುವಾರ ಬೆಳಿಗ್ಗೆ ಹೆಂಡತಿ ಮೇಜಿನ ಮೇಲೆ ಚಹಾ ತಂದಿಟ್ಟಳು. ಕೈ ಚಾಚಿದೆ. ಲೋಟ ಕಂಡದ್ದು ಇಲ್ಲಿ, ಇದ್ದದ್ದು ನಾಲ್ಕು ಬೆರಳು ಆಚೆ. ನನ್ನ ಮುಷ್ಟಿ ಬರೀ ಗಾಳಿಯನ್ನು ಭದ್ರವಾಗಿ ಹಿಡಿಯಿತು. ಎರಡನೆಯ ಸಲ ಬಿರುಸಾಗಿ ಚಾಚಿದ್ದಕ್ಕೆ ಲೋಟ ಮಗುಚಿತು.

"ಈ ಲೋಟ ಕೈಗೇ ಸಿಗ್ತಿಲ್ಲ. ಸರಿಯಾದ ಜಾಗದಲ್ಲಿ ಇಡಬಾರದಾ?"

"ಅದು ಜಾಗದಲ್ಲೇ ಇತ್ತು. ಜಾಗದಲ್ಲಿ ಇಲ್ಲದೆ ಇರೋದು ನೀವು."

ಲೋಟಕ್ಕೇ ಹೀಗಾದರೆ ಎಳ್ಳಿಗಿಂತ ಸಣ್ಣ ಸ್ಕ್ರೂ ಗತಿಯೇನು? ಚಿಮುಟದಲ್ಲಿ ಹಿಡಿದು ತೂತಿಗೆ ಗುರಿಯಿಟ್ಟರೆ ಪ್ರತಿ ಸಲವೂ ಪಕ್ಕದ ಚಕ್ರಕ್ಕೆ ಹೋಗಿ ತಾಗುತ್ತಿತ್ತು. ಏಳನೆಯ ಸಲ ನೆಲಕ್ಕೆ ಹಾರಿತು. ನಾನು ಮಂಡಿಯೂರಿ ಮೇಲಿನ ಗಾಜಿನಿಂದಲೂ ಕೆಳಗಿನ ಗಾಜಿನಿಂದಲೂ ಹುಡುಕಿದೆ. ಕಂಡ ಧೂಳೆಲ್ಲ ಸ್ಕ್ರೂ, ಮುಟ್ಟಿದರೆ ಎಲ್ಲ ಧೂಳು. ಹೆಂಡತಿ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಅಂಗೈಯಿಂದ ನೆಲ ಸವರಿದಳು.

"ತಗೊಳ್ಳಿ."

"ನೋಡದೇ ಹೇಗೆ ಸಿಕ್ತು?"

"ನೋಡದೇ ಇದ್ದಿದ್ದಕ್ಕೇ ಸಿಕ್ತು. ಮೊದಲು ಆ ಕನ್ನಡಕ ತೆಗೀರಿ."

ತೆಗೆದೆ. ಎಡಗೈ ಉಗುರನ್ನು ತೂತಿನ ಅಂಚಿಗೆ ಆನಿಸಿ, ಅದರ ಮೇಲೆ ಚಿಮುಟವನ್ನು ಮೆಲ್ಲಗೆ ಜಾರಿಸಿದೆ. ಮೂವತ್ತು ವರ್ಷ ದುಡಿದ ಬೆರಳುಗಳಿಗೆ ದಾರಿ ಗೊತ್ತಿತ್ತು. ಸ್ಕ್ರೂ ಕೂತಿತು, ಮುಚ್ಚಳ ಹಾಕಿದೆ, ಮಾವನವರ ಗಡಿಯಾರ ನಡೆಯಿತು. ಹೆಂಡತಿ ಅದನ್ನು ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿದಳು.

ಸಂಜೆ ಅತ್ತೆ ಬಂದರು. ಎಡಗೈಯಲ್ಲಿ ಚಹಾದ ಲೋಟ ಹಿಡಿದು, ಅದರಿಂದ ನಾಲ್ಕು ಬೆರಳು ಆಚೆ ಬಲಗೈ ಚಾಚಿದರು. "ಎಲ್ಲಿ, ಕೊಡಿ ನೋಡೋಣ."

ಇಂಥ ಐತಿಹಾಸಿಕ ಗಳಿಗೆಯಲ್ಲಿ ಬರಿಗಣ್ಣಿನಲ್ಲಿ ನಿಲ್ಲುವುದು ಶೋಭೆಯೇ? ಕನ್ನಡಕ ಏರಿಸಿಕೊಂಡೆ. ಗಂಭೀರವಾಗಿ ಕೈ ಮುಂದೆ ತಂದು, ಗಡಿಯಾರವನ್ನು ಅವರ ಅಂಗೈಗೆ ಇಳಿಸಿದೆ.

ಬುಳಕ್ ಎಂದಿತು.

ಮೂವರೂ ಲೋಟದೊಳಗೆ ಬಗ್ಗಿ ನೋಡಿದೆವು. ಹೆಂಡತಿ ತಾಯಿಯ ಕೈಯಿಂದ ಲೋಟವನ್ನು ಮೆತ್ತಗೆ ತೆಗೆದುಕೊಂಡಳು.

"ಬೆಳಿಗ್ಗೆಯಿಂದ ಲೋಟ ಕೈಗೆ ಸಿಗ್ತಿಲ್ಲ ಅಂತ ಒದ್ದಾಡ್ತಿದ್ರಮ್ಮ. ಅಂತೂ ಸಿಕ್ತು."