ಮಗಳ ಗಾಜಿಗೆ ನನ್ನ ಕುಂಕುಮ

ಆಯುಧಪೂಜೆಯಲ್ಲಿ ನಾನು ಯಾವ ವಸ್ತುವಿಗೂ ಅನ್ಯಾಯ ಮಾಡಿದವಳಲ್ಲ. ಸ್ಕೂಟರಿನಿಂದ ಈಳಿಗೆಮಣೆಯವರೆಗೆ, ಮಿಕ್ಸಿಯಿಂದ ಟಿವಿ ರಿಮೋಟಿನವರೆಗೆ ನಮ್ಮ ಕೊರಟಗೆರೆ ಮನೆಯಲ್ಲಿ ಎಲ್ಲಕ್ಕೂ ಅರಿಶಿನ ಕುಂಕುಮ ಸಲ್ಲುತ್ತದೆ. ಹೀಗಿರುವಾಗ ಮಗಳ ಸಂಶೋಧನೆಗೆ ಮಾತ್ರ ಇಲ್ಲವೆಂದರೆ ದೇವರು ಮೆಚ್ಚುತ್ತಾನೆಯೇ?

ಮಗಳು ಸಿಂಧು ಪಿಎಚ್‌ಡಿ ಮಾಡುತ್ತಿದ್ದಾಳೆ. ಹಬ್ಬಕ್ಕೆ ಬಂದವಳು ಪುಟ್ಟ ಡಬ್ಬಿಯಲ್ಲಿ ಉಗುರಗಲದ ಗಾಜಿನ ಚೂರೊಂದನ್ನು ತಂದಿದ್ದಳು.

"ಇದ್ರಲ್ಲಿ ಏನೈತೆ?" ಎಂದೆ.

"ಎರಡು ಪದರ ಐತಮ್ಮ. ಕೆಳಗೆ ಖನಿಜದ್ದು, ಮೇಲೆ ಇಂಗಾಲದ್ದು. ಎರಡೂ ಸೆಮಿಕಂಡಕ್ಟರ್. ಬೆಳಕು ಬಿದ್ರೆ ಕರೆಂಟು ಹುಟ್ಟುತ್ತೆ. ಒಂದೊಂದೇ ಆದ್ರೆ ಅಷ್ಟು ಕೆಲ್ಸ ಮಾಡಲ್ಲ, ಜೊತೆಗೂಡಿದ್ರೆ ಚೆನ್ನಾಗಿ ಮಾಡ್ತವೆ."

"ನಾನೂ ನಿಮ್ಮಪ್ಪನೂ ಇದ್ದಂಗೆ ಅನ್ನು."

"ಹೂಂ, ಆದ್ರೆ ಇವು ಜಗಳ ಆಡಲ್ಲ. ಕೂದಲನ್ನ ಲಕ್ಷ ಸೀಳು ಮಾಡಿದ್ರೆ ಒಂದು ಸೀಳಿನಷ್ಟು ತೆಳು! ಸೋಮವಾರ ಪರೀಕ್ಷೆಗೆ ಕೊಡ್ಬೇಕು. ಕೆಟ್ರೆ ಎರಡು ತಿಂಗಳ ಕೆಲ್ಸ ಹೋಯ್ತು. ಮುಟ್ಬ್ಯಾಡ ಕಣಮ್ಮ."

ಇಷ್ಟು ಹೇಳಿ ಗೆಳತಿಯರ ಜೊತೆ ಸಿದ್ದರಬೆಟ್ಟ ಹತ್ತಲು ಹೋದಳು.

ಪೂಜೆಗೆ ಮುಟ್ಟಿದರೆ ಅದು ಮುಟ್ಟಿದ ಹಾಗಲ್ಲ. ಡಬ್ಬಿ ತೆರೆದೆ. ಗಾಜಿನ ಮೇಲೆ ಪದರವೂ ಇಲ್ಲ, ಗಿದರವೂ ಇಲ್ಲ, ಬರೀ ಮಸುಕು. ದೇವರ ಮುಂದೆ ಕೊಳಕು ಇಡಲಾದೀತೇ? ಸೆರಗಿನಿಂದ ಉಜ್ಜಿದೆ. ಫಳಫಳ ಹೊಳೆಯಿತು! ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ ಎಸಳು. ವಿಜ್ಞಾನಕ್ಕೆ ನನ್ನ ಕೊಡುಗೆ ವಿಧಿವತ್ತಾಗಿ ಸಂದಾಯವಾಯಿತು.

ಮಂಗಳಾರತಿಗೆ ಬಂದ ನಮ್ಮ ಯಜಮಾನರು ಕಣ್ಣರಳಿಸಿದರು.

"ಲೇ, ಅವ್ಳು ಮುಟ್ಬ್ಯಾಡ ಅಂದಿದ್ದು ಇದನ್ನೇ ಅಲ್ವಾ?"

ಆಗ ಮತ್ತೆ ಸೆರಗು ಹಿಡಿದೆ. ಒರೆಸಿದರೆ ಕುಂಕುಮ ಹೋಯಿತು, ಅರಿಶಿನ ಹೋಗಲಿಲ್ಲ. ಹಿತ್ತಾಳೆ ದೀಪಕ್ಕೆಂದು ನೆನೆಸಿದ್ದ ಹುಣಸೆಹಣ್ಣು ಕೈಗೆಟುಕುವಂತೆಯೇ ಇತ್ತು. ತಿಕ್ಕಿದೆ! ಒಡೆಯಲಿಲ್ಲ, ಅದೇ ಪುಣ್ಯ.

ಪಕ್ಕದ ಮನೆ ಜಯಕ್ಕ ಕಾಂಪೌಂಡಿನ ಮೇಲಿಂದ ಇಣುಕಿದರು. "ಬಿಸ್ಲಿಗಿಡಿ ಸರೋಜಕ್ಕ. ಬೆಳಕು ಬಿದ್ರೆ ಕರೆಂಟು ಬತ್ತದೆ ಅಂತ ಸಿಂಧು ಅಂದಿದ್ದು ನನ್ಗೂ ಕೇಳಿಸ್ತು."

ಹಪ್ಪಳದ ಪಕ್ಕ ಬಿಸಿಲಿಗಿಟ್ಟೆ. ಕರೆಂಟು ಬರಲಿಲ್ಲ. ಕಾಗೆ ಬಂತು! ಹಪ್ಪಳ ಕಚ್ಚಿಕೊಂಡು ಹೋಯಿತು, ಗಾಜನ್ನು ಬಿಟ್ಟಿತು. ಅದೂ ಒಂದು ಪುಣ್ಯ. ಆಮೇಲೆ ಯಜಮಾನರು ಕೋಲು ಹಿಡಿದು ಸೆಮಿಕಂಡಕ್ಟರಿಗೆ ಕಾವಲು ಕೂತರು.

ಸಂಜೆ ಮಗಳು ಬಂದಳು. ಗಾಜನ್ನು ಅವಳ ಮುಂದಿಟ್ಟೆ. "ತಪ್ಪಾಯ್ತು ಕಣೇ. ನಿನ್ ಎರಡು ತಿಂಗ್ಳು ಹಾಳು ಮಾಡ್ಬುಟ್ಟೆ" ಎಂದು ಅತ್ತೇಬಿಟ್ಟೆ.

ಅವಳು ಗಾಜನ್ನು ಮೂಸಿದಳು.

"ಹುಣಸೆಹಣ್ಣಾ?"

"ಒಂಚೂರು ಬೂದಿನೂ."

ನೆಲದ ಮೇಲೆ ಕುಸಿದು ಕೂತಳು. ಹಿಡಿದುಕೊಳ್ಳಲು ಬಗ್ಗಿದೆ. ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ!

"ಅಳ್ಬ್ಯಾಡ ಬುಡಮ್ಮ. ಎರಡು ಮಾಡಿದ್ದೆ. ಒಂದು ಪರೀಕ್ಷೆಗೆ, ಒಂದು ನಿನ್ ಪೂಜೆಗೆ. ಹೋದ ವರ್ಷ ನನ್ ಲ್ಯಾಪ್‌ಟಾಪ್ ಮೇಲೆ ನಿಂಬೆಹಣ್ಣು ಹಿಂಡಿದ್ದು ನಾನು ಮರ್ತಿಲ್ಲ."

ದೇವರು ದೊಡ್ಡವನು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಬುದ್ಧಿ ಕೊಟ್ಟಿದ್ದಾನೆ. ಇನ್ನೊಂದು ಗಾಜು ಎಲ್ಲಿದೆ ಎಂದು ಕೇಳಿದೆ. ಅವರಪ್ಪನಿಗೆ ಹೇಳಿದಳು. ಜಯಕ್ಕನಿಗೂ ಹೇಳಿದಳು.

ನನಗೆ ಹೇಳಲಿಲ್ಲ!