ಕುಣಿಯೋ ಹುಳ, ಮಾಸ್ಕ್ ಒಲ್ಲದ ಕಾಕಾ

ಹುಳದ ನರ ಓದಿ ಹೊಟ್ಟಿ ಹೊರಕೊಳ್ಳಾಕಿ ನಾ. ಮನಿ ನವನಗರದಾಗ. ಬಾದಾಮಿ, ಹುನಗುಂದ, ಕಲಾದಗಿ ಅಂತ ತಿರುಗಿ ರೈತರಿಗೆ ಎಣ್ಣಿ ಹೊಡಿಯೂದು ಹೆಂಗ ಅಂತ ಹೇಳಿಕೊಡೂದು ನನ್ನ ಕೆಲಸ. ಎಣ್ಣಿ ಅಂದ್ರ ಒಗ್ಗರಣಿದಲ್ಲ ಮತ್ತ, ಬೆಳಿಗೆ ಹೊಡಿಯೂ ಕೀಟನಾಶಕ. ಹುಳಕ್ಕ ಪಾಠ ಮಾಡಿದ್ರ ಅವು ಸುಮ್ಮ ಕೇಳ್ತಿದ್ವೋ ಏನೋ. ಮನಷ್ಯಾರಿಗೆ ಮಾಡಾಕ ಹೋದ್ರ ಇಂಥಾವು ನಡೀತಾನ ಇರ್ತಾವ.

ಅದರಾಗೂ ಕಲಾದಗಿ ಹತ್ರ ದಾಳಿಂಬ್ರಿ ತೋಟದ ಕಾಕಾ ಒಬ್ರು ಅದಾರ. ಬರಿಮೈಲೆ, ಮಾರಿಗೆ ತುಂಡು ಅರಿವಿನೂ ಇಲ್ಲದ ಎಣ್ಣಿ ಹೊಡಿಯೋರು. ಒಂದಿನ ಜೀವಕ್ಕ ಎರವಾಗತೈತಿ ಅಂತ ನನಗೂ ಅಂಜಿಕಿ, ಅವರ ಮನಿಯಾಕಿ ಕಾಕುಗೂ ಅಂಜಿಕಿ. ಇವರಿಗೆ ಮಾಸ್ಕ್ ಹಾಕಿಸೇ ಬಿಡ್ತೇನಿ ಅಂತ ನಾ ಹಟ ತೊಟ್ಟಿದ್ನಿ.

ಹುರುಪು

ಮೊದಲ ಸಲ ಕಾಕಾ ಫೋನ್ ಮಾಡಿದ್ದು ಬೈಯಾಕ.

"ಮೇಡಂರಿ, ನೀವು ಹೇಳಿದ ಎಣ್ಣಿ ಖೊಟ್ಟಿ ಐತಿ! ನಿನ್ನೆತನಕ ಸುಮ್ಮ ಕುಂತಿದ್ದ ಹುಳ ಇವತ್ತ ಕುಣ್ಯಾಕತ್ತಾವ!"

ಹೋಗಿ ನೋಡಿದ್ರ, ಹುಳ ಅಂಗಾತ ಬಿದ್ದು ಕಾಲು ಝಾಡಿಸಾಕತ್ತಿದ್ವು.

"ಕಾಕಾ, ಅದು ಸಾಯೂ ಒದ್ದಾಟ. ಸ್ವಲ್ಪ ತಡೀರಿ."

ತಡದ್ವಿ. ಒಂದೊಂದ ತಣ್ಣಗಾದ್ವು. ಕಾಕಾ ಗಲ್ಲದ ಮ್ಯಾಲೆ ಕೈ ಇಟಗೊಂಡು ಅಂದ್ರು: "ಸಾಯೂ ಹುಳಕ್ಕ ಇಷ್ಟು ಹುರುಪು! ನಮ್ಮ ಅಳಿಯಾಗ ಇದರಾಗಿನ ಅರ್ಧ ಇದ್ದಿದ್ರೂ ಮಗಳು ಸುಖಾ ಪಡತಿದ್ಲು."

ವಾಪಸ್ ನುಂಗೂ ಮಾತು

ಹುಳ ಯಾಕ ಕುಣೀತು ಅಂತ ಕಟ್ಟಿ ಮ್ಯಾಲೆ ಕುಂತು ಚಾ ಕುಡಕೋತ ಹೇಳಿದ್ನಿ.

"ಒಂದು ನರ ಇನ್ನೊಂದು ನರಕ್ಕ ಸುದ್ದಿ ಹೇಳೂದು ಒಂದು ರಸಾಯನ ಕಳಿಸಿ. 'ಕಾಲು ಎತ್ತು' ಅಂತ ಸುದ್ದಿ ಮುಟ್ಟಿದ ಕೂಡ್ಲೆ ಒಂದು ಕಿಣ್ವ ಬಂದು ಆ ರಸಾಯನ ಕತ್ತರಿಸಿ ಒಗೀತೈತಿ. ಈ ಜಾತಿ ಎಣ್ಣಿ ಆ ಕಿಣ್ವದ ಕೈ ಕಟ್ಟಿಹಾಕತೈತಿ. ಎತ್ತು, ಎತ್ತು, ಎತ್ತು ಅಂತ ಸುದ್ದಿ ನಿಂದ್ರೂದ ಇಲ್ಲ. ಅದಕ್ಕ ಒದ್ದಾಡಿ ಸಾಯತಾವ."

"ಎಲ್ಲಾ ಸುದ್ದಿನೂ ಕತ್ತರಸೂದ ಏನ್ರಿ?"

"ಇಲ್ರಿ. ಕೆಲವೊಂದು ರಸಾಯನ ಕತ್ತರಸೂದಿಲ್ಲ. ಕಳಿಸಿದ ನರ ತಾನ ಅದನ್ನ ವಾಪಸ್ ಎಳಕೊಂಡು ನುಂಗತೈತಿ."

"ಹಾಂ, ಅದು ನಮ್ಮ ಪಂಚಾಯ್ತಿ ಮೆಂಬರನ ಜಾತಿ ನರ," ಅಂದ್ರು ಕಾಕಾ.

ನಾ ನಗಲಿಲ್ಲ. "ನಿಮ್ಮ ಮೈಯಾಗೂ ಅದ ಕಿಣ್ವ ಐತಿ, ಕಾಕಾ. ಎಣ್ಣಿ ಹತ್ತಿತಂದ್ರ ಕಣ್ಣಾಗ ನೀರು, ಬಾಯಾಗ ಜೊಲ್ಲು, ಮೈತುಂಬ ಬೆವರು, ನಡುಕ. ಮಾಸ್ಕ್ ಹಾಕೋರಿ."

ಒಳಗಿಂದ ಕಾಕು ಕೂಗಿದ್ರು: "ಅವರ ತಲ್ಯಾಗ ಆ ಕತ್ತರಿ ಭಾಳ ಜೋರ ಐತ್ರಿ! ನಾ ಹೇಳಿದ್ದು ಕಿವಿ ಮುಟ್ಟೂದ್ರಾಗ ಕತ್ತರಿಸಿ ಒಗದಿರ್ತಾರ!"

ಯಾರಿಗೆ ಜರೂರ?

ಬಾಯಿಲೆ ಹೇಳಿದ್ದು ಸಾಲಲಿಲ್ಲ ಅಂತ ಚಲೋ ಮಾಸ್ಕ್ ಒಂದು ತಂದು ಕೊಟ್ನಿ. ಮುಂದಿನ ವಾರ ಹೋದ್ರ ಮಾಸ್ಕ್ ಬೆದರುಗೊಂಬಿ ಮಾರಿ ಮ್ಯಾಲೆ! ಕಾಕಾ ಬಾಜೂಕ ಬರಿಮೈಲೆ ಎಣ್ಣಿ ಹೊಡ್ಯಾಕತ್ತಾರ. ನನಗ ಸಿಟ್ಟು ನೆತ್ತಿಗೇರಿತು.

"ಏನ್ ಕಾಕಾ ಇದು?"

"ನೀವ ವಿಚಾರ ಮಾಡ್ರಿ ಮೇಡಂ. ನಾ ತಾಸೊತ್ತು ಇದ್ದು ಮನಿಗೆ ಹೊಕ್ಕೇನಿ. ಅದು ಪಾಪ, ಹಗಲೂ ರಾತ್ರಿ ಇಲ್ಲೇ ನಿಂದ್ರತೈತಿ. ಯಾರಿಗೆ ಜರೂರ ಐತಿ?"

ದವಾಖಾನಿ

ಒಂದಿನ ಮಧ್ಯಾಹ್ನ ಕಾಕು ಅಳಕೋತ ಫೋನ್ ಮಾಡಿದ್ರು. "ಮೇಡಂ, ನೀವು ಹೇಳಿದ್ದೆಲ್ಲಾ ಬಂದೈತ್ರಿ! ಮುಂಜಾನೆ ಎಣ್ಣಿ ಹೊಡದಾರ. ಈಗ ಕಣ್ಣಾಗ ನೀರು, ಬಾಯಾಗ ಜೊಲ್ಲು, ಬೆವರು, ಮಾತು ಒಂದೂ ಹೊರಗ ಬರವಲ್ದು!"

"ದವಾಖಾನಿಗೆ ನಡೀರಿ, ನಾನೂ ಬಂದ್ನಿ!" ಅಂದ್ನಿ. ನಾ ಅಲ್ಲಿ ಮುಟ್ಟೂದ್ರಾಗ ಟಂಟಂ ಗಾಡ್ಯಾಗ ಅರ್ಧ ಓಣಿನ ಕಾಕಾನ ಹಿಂದ ಬಂದಿತ್ತು. ಕಾಕು ಇಳಕಲ್ಲ ಸೀರಿ ಸೆರಗು ಬಾಯಾಗ ಇಟಗೊಂಡು ಬಿಕ್ಕತಿದ್ರು.

ಡಾಕ್ಟರು ಕಣ್ಣಿಗೆ ಬ್ಯಾಟ್ರಿ ಬಿಟ್ಟರು. "ಎಣ್ಣಿ ಹತ್ತಿದ್ರ ಕಣ್ಣಿನ ಪಾಪೆ ಸಾಸಿವಿ ಕಾಳಿನಷ್ಟು ಸಣ್ಣ ಆಗ್ತಾವ. ಇವರವು ಬರೋಬ್ಬರಿ ಅದಾವ. ಯಜಮಾನ್ರ, ಏನರ ತಿಂದಿದ್ರೇನು?"

ಕಾಕಾ ಬಾಯಿ ತೆರೆದ್ರು. ಓಣಿ ಮಂದಿ ಉಸಿರು ಹಿಡಕೊಂಡು ನಿಂತ್ರು.

"ಮ... ಮಜ್ಜಿಗಿ!"

ತಿಂದಿದ್ದು ಇಳಕಲ್ಲಿನ ಬೀಗತಿ ಕಳಿಸಿದ್ದ ಕೆಂಪು ಮೆಣಸಿನಕಾಯಿ ಚಟ್ನಿ, ರಂಜಕ! "ಬೀಗರ ಖಾರ ನಮಗೇನ್ ಹತ್ತತೈತಿ" ಅಂತ ರೊಟ್ಟಿ ಇಲ್ಲದ, ಬರೇ ಬೆರಳಿಲೆ ಕದ್ದು ನೆಕ್ಕಿದ್ರು. ಕಾಕು ಕಣ್ಣು ಒರಿಸಿಕೊಂಡು ಗಂಡನ ಬೆನ್ನಿಗೆ ಎರಡು ಗುದ್ದಿದ್ರು. ಓಣಿ ಮಂದಿ ಹೊಟ್ಟಿ ಹಿಡಕೊಂಡು ನಕ್ಕರು.

ಡಾಕ್ಟರು ಮಾತ್ರ ನಗಲಿಲ್ಲ. "ಇವತ್ತ ರಂಜಕ ಆತು. ಎಣ್ಣಿ ಇದ್ದಿದ್ರ ಮಜ್ಜಿಗಿ ಕೇಳಾಕ ನೀವು ಉಳೀತಿರಲಿಲ್ಲ," ಅಂದ್ರು.

ನಾಕು ದಿನ ಬಿಟ್ಟು ತೋಟಕ್ಕ ಹೋದ್ನಿ. ಕಾಕಾ ತುಂಬುತೋಳಿನ ಅಂಗಿ, ಕೈಗೆ ಗ್ಲೌಸು, ಮಾರಿಗೆ ಮಾಸ್ಕ್ ಹಾಕ್ಕೊಂಡು ಎಣ್ಣಿ ಹೊಡ್ಯಾಕತ್ತಿದ್ರು! ನನಗ ಹಿಡಿಸಲಾರದಷ್ಟು ಖುಷಿ. ಕಟ್ಟಿ ಮ್ಯಾಲೆ ಕುಂತಿದ್ದ ಕಾಕುಗೆ ಅಂದ್ನಿ:

"ಕಾಕು, ಅಂತೂ ನನ್ನ ಪಾಠ ತಲಿಗೆ ಹತ್ತಿತು ನೋಡ್ರಿ!"

"ಎಲ್ಲೀ ಪಾಠ ತಂದ್ರಿ ಮೇಡಂ! ಬೀಗರ ರಂಜಕಕ್ಕ ದವಾಖಾನಿ ಸೇರಿದ್ರು ಅಂತ ಇಳಕಲ್ಲತನಕ ಸುದ್ದಿ ಹೋಗೇತಿ. ಮಾರಿ ತೋರಸಾಕ ನಾಚಿಕಿ ಅಂತ ಮುಚಗೊಂಡಾರ! ಊಟಕ್ಕ ಕುಂತಾಗರ ತಗೀರಿ ಅಂದ್ರ ಅದಕ್ಕೂ ಒಲ್ಲೆ ಅಂತಾರ!"