ದೇಸಾಯರ ಮೊದಲ ಹೋಳಿಗೆ

ಬನಹಟ್ಟಿಯ ಗಿರಿಮಲ್ಲಪ್ಪ ದೇಸಾಯರಿಗೆ ಜಗತ್ತಿನಲ್ಲಿದ್ದ ಒಬ್ಬನೇ ವೈರಿ ಹೋಳಿಗೆ. ಅವತ್ತು ಸಂಜೆ ಜಮಖಂಡಿಯ ಡಾಕ್ಟರು ಅವರ ಸಕ್ಕರೆ ನೋಡುವವರಿದ್ದರು. ಇಳಿದಿರದಿದ್ದರೆ ನಾಳೆಯಿಂದ ದಿನಾ ಹೊಟ್ಟೆಗೆ ಸೂಜಿ. "ನಿಮಗ ಹೋಳಿಗಿ ಅಂದ್ರ ವಿಷಾನ ಅಂತ ತಿಳೀರಿ," ಎಂದು ಬೇರೆ ಹೇಳಿದ್ದರು. ಸೂಜಿ ಕಂಡರೆ ದೇಸಾಯರು ಎಳೆಗರುವಿನಂತೆ ಕೊಸರಾಡುವವರು.

ಆದರೆ ಅದೇ ಮಧ್ಯಾಹ್ನ ತೇರದಾಳದಲ್ಲಿ ಮುದಕಪ್ಪನ ಮಗಳ ಮದುವೆ.

ಯಾವ ಕಾಲದಲ್ಲೋ, ದಂಡಿನ ಊಟದಲ್ಲಿ ವಿಷ ಬೆರೆಸಿದ್ದಾರೆಂಬ ಗುಮಾನಿ ಎದ್ದಾಗ, ಅವರ ಮುತ್ತಜ್ಜನ ಮುತ್ತಜ್ಜ ಎಲ್ಲರಿಗಿಂತ ಮೊದಲು ಒಂದು ಹೋಳಿಗೆ ಪೂರ್ತಿ ತಿಂದು ತೋರಿಸಿದ್ದನಂತೆ. ಸಾಯಲಿಲ್ಲ. ಅದಕ್ಕೆ ದೇಸಗತಿಯ ಪದವಿ ಸಿಕ್ಕಿತು, ಹಳ್ಳಿಗಳು ಸಿಕ್ಕವು. ಮುಂದೆ ಹಳ್ಳಿಗಳು ಹೋದವು, ಜಮೀನು ಉಳುವವರ ಪಾಲಾಯಿತು. ಉಳಿದದ್ದು ಒಂದು ಕೆಂಪು ರುಮಾಲು ಮತ್ತು ತಿನ್ನುವ ಕೆಲಸ. ಇವತ್ತಿಗೂ ಸುತ್ತಿನ ಮದುವೆಗಳಲ್ಲಿ ದೇಸಾಯಿ ಮೊದಲ ಹೋಳಿಗೆ ಮುಗಿಸುವತನಕ ಯಾರೂ ಎಲೆಗೆ ಕೈ ಹಚ್ಚುವಂತಿಲ್ಲ.

ಹೊರಡುವಾಗ ಮಗಳು ಸೌಂದರ್ಯಾ ಫೋನ್ ನೋಡುತ್ತ ಒಂದು ದಾರಿ ತೋರಿಸಿದಳು.

"ಅಪ್ಪಾ, ಇಂಗ್ಲಂಡಿನ ಜಮೀನ್ದಾರ ಮನಿತನದಾಗೂ ಹಿಂಗ ಅಪ್ಪನಿಂದ ಮಗಗ ಪದವಿ ಬರತಾವಂತ. ಬ್ಯಾಡಾದ್ರ ಲಾರ್ಡಗೋಳು ಬಿಟ್ಟ ಬಿಡಬಹುದಂತ."

"ಬಿಟ್ರ ಯಾರೂ ಬೈಯಂಗಿಲ್ಲೇನ?"

"ಅದಕ್ಕ ಕಾಯ್ದೇನ ಐತಂತ."

"ಛಲೋ ಮಂದಿ," ಎಂದು ದೇಸಾಯರು ನಿಟ್ಟುಸಿರಿಟ್ಟರು.

ಮೊದಲು ಅವರು ಹಿಡಿದದ್ದು ಕಳ್ಳದಾರಿ. ರುಮಾಲನ್ನು ಕೈಚೀಲಕ್ಕೆ ತುರುಕಿ, ಕಡೆಯ ಸಾಲಿನಲ್ಲಿ ಕಂಬದ ಹಿಂದೆ ಕೂತರು. ಇರುವೆ ಬೆಲ್ಲ ಹುಡುಕಿದಂತೆ ಹಸಿದ ಪಂಕ್ತಿ ಅವರನ್ನು ಹುಡುಕಿ ತೆಗೆಯಿತು.

"ಅಲ್ಯಾಕ ಕುಂತೀರಿ ದೇಸಾಯರ? ಮಂದಿ ಹಸದಾರ," ಎಂದು ಮುದಕಪ್ಪ ರೆಟ್ಟೆ ಹಿಡಿದು ತಂದು ಮೊದಲ ಎಲೆಗೆ ಕೂರಿಸಿದ. ಎಲೆಯ ಮೇಲೆ ಬಂಡಿಯ ಗಾಲಿಯಂಥ ಹೋಳಿಗೆ, ಅದರ ಮೇಲೆ ತುಪ್ಪದ ಕೆರೆ.

"ಇವತ್ತ ನಂದು ಉಪಾಸ ಐತಿ, ಮುದಕಪ್ಪಾ."

"ಈಗರ ನನ್ನ ಜೋಡಿ ಕುಂತ ಉಪ್ಪಿಟ್ಟ ತಿಂದ್ರೆಲಾ."

"ಒಂದ ಚೂರ ಮುರದ ಬಾಯಾಗ ಇಟಗೊಂಡ್ರ ನಡೀತೈತೇನ?"

ಎದುರು ಸಾಲಿನ ಈರಪ್ಪ, ಕರೆಯದಿದ್ದರೂ ಮಾತಿಗೆ ಬರುವವನು, ಕೇಳಿದ: "ಚೂರಿನಾಗ ವಿಷ ಇಲ್ಲಂದ್ರ ಉಳದಿದ್ರಾಗ ಇಲ್ಲಂತ ಹ್ಯಾಂಗ ತಿಳೀಬೇಕ್ರಿ?"

ಪಂಕ್ತಿ ನಕ್ಕಿತು. ದೇಸಾಯರು ಎದ್ದು ನಿಂತರು.

"ಎಲ್ಲಾರೂ ಕೇಳ್ರಿ. ಇಂಗ್ಲಂಡಿನ ಕಾಯ್ದೆ ಪ್ರಕಾರ ನಾ ದೇಸಗತಿ ಬಿಟ್ಟೇನಿ. ಇನ್ನ ಮ್ಯಾಲ ನಮ್ಮ ಪರಮಾನಂದನೇ ದೇಸಾಯಿ."

ಚಿಕ್ಕಪ್ಪನ ಮಗ ಪರಮಾನಂದ ಮೀಸೆ ಮೂಡಿದಾಗಿನಿಂದ ಆ ರುಮಾಲಿನ ಮೇಲೆ ಕಣ್ಣಿಟ್ಟವನು. ಅಣ್ಣನ ಮನಸ್ಸು ತಿರುಗುವ ಮೊದಲೇ ತಲೆ ಒಡ್ಡಿದ. ಕೈಚೀಲದಿಂದ ಹೊರಬಂದ ರುಮಾಲು ಅವನ ತಲೆಗೇರಿತು. ಪಂಕ್ತಿ ಚಪ್ಪಾಳೆ ತಟ್ಟಿತು. ಹಸಿದವರು ಯಾವುದಕ್ಕೂ ತಟ್ಟುತ್ತಾರೆ. ಗಿರಿಮಲ್ಲಪ್ಪ ಹಗುರಾಗಿ ಪಕ್ಕದ ಎಲೆಗೆ ಸರಿದು, ಸೌತೆಕಾಯಿಯ ಹೋಳುಗಳನ್ನು ಪ್ರೀತಿಯಿಂದ ನೋಡಿದರು.

ಪರಮಾನಂದ ಹೋಳಿಗೆ ಬಾಯಿಗೆ ಒಯ್ಯುವಷ್ಟರಲ್ಲಿ, ಮನೆತನದ ಹಿರಿಯಳು, ಇಬ್ಬರಿಗೂ ಸೋದರತ್ತೆಯಾದ ಗಂಗಾಂಬಿಕಾ ಅವನ ಮಣಿಕಟ್ಟು ಹಿಡಿದಳು.

"ತಡಿಯೋ. ನಮ್ಮಲ್ಲಿ ಒಬ್ಬ ದೇಸಾಯಿ ಸತ್ತ ಮ್ಯಾಲ ಇನ್ನೊಬ್ಬ ಆಗೂದು. ಜೀವಂತ ಇದ್ದಾಂವ ಯಾವಾಂವೂ ಬಿಟ್ಟಿಲ್ಲ."

"ಈಗ ಅಣ್ಣ ಬಿಟ್ಟಾನಲ್ಲ ಅತ್ತಿ."

"ಬಿಡಲಿ ಬಿಡು. ಆದ್ರ ಪಟ್ಟ ಕೊಟ್ಟ ಹಿರೇ ದೇಸಾಯಿ ಇರೂವಾಗ ಮರಿ ದೇಸಾಯಿ ಮೊದಲ ಉಂಡ್ರ ಮಂದಿ ಏನಂದಾರು? ಮೊದಲ ಅಂವ, ಆಮ್ಯಾಲ ನೀ, ಆಮ್ಯಾಲ ಊರು."

"ನಾ ಮನಿಗಿ ಹೊಂಟೆ ಅತ್ತಿ," ಎಂದು ಗಿರಿಮಲ್ಲಪ್ಪ ಎದ್ದರು.

"ಹೋಗು. ನೀ ಮನ್ಯಾಗ ಉಂಡ ಸುದ್ದಿ ಬರೂತನಕ ಇವರೆಲ್ಲಾ ಇಲ್ಲೇ ಉಪಾಸ ಕುಂದರತಾರ."

ಪಂಕ್ತಿಗೆ ಪಂಕ್ತಿಯೇ ಅವರತ್ತ ತಿರುಗಿ ನೋಡಿತು. ಗಿರಿಮಲ್ಲಪ್ಪ ಕೂತರು. "ಹಿರೇ ದೇಸಾಯರಿಗೆ ಜೋಡಿ ಇರಲಿ," ಎಂದು ಮುದಕಪ್ಪ ಎರಡು ಹೋಳಿಗೆ ಬಡಿಸಿದ.

ಮೊದಲನೆಯದು ಮುಗಿಯುವ ಹೊತ್ತಿಗೆ ಪರಮಾನಂದ ರುಮಾಲು ಸರಿಮಾಡಿಕೊಂಡು ಕಿವಿಗೆ ಬಾಗಿದ. "ನೀ ಮಾರಿ ಗಂಟ ಹಾಕತಿದ್ದಿ ಅಂತ ಮಂದಿ ಬರೇ ಮದವಿಗೆ ಕರೀತಿದ್ರು ಅಣ್ಣಾ. ನಾ ಎಲ್ಲಾದಕ್ಕೂ ಬರತೇನಂತ ಈಗ ಮಾತ ಕೊಟ್ಟೇನಿ. ನಾಳೆ ಲೋಕಾಪುರದಾಗ ತೊಟ್ಟಿಲ, ನಾಡದ ಹಿಪ್ಪರಗಿಯಾಗ ಹೊಸಾ ಮನಿ ಊಟ. ಹೊತ್ತಿಗೆ ಸರಿಯಾಗಿ ಬಾರಪಾ, ನೀ ಉಣ್ಣದ ನಾ ಹ್ಯಾಂಗ ಉಣ್ಣಲಿ?"

ಗಿರಿಮಲ್ಲಪ್ಪ ಎಡಗೈಯಿಂದ ಮಗಳಿಗೆ ಫೋನ್ ಹಚ್ಚಿದರು.

"ಸೌಂದರ್ಯಾ, ಆ ಇಂಗ್ಲಂಡಿನ ಲಾರ್ಡಗೋಳಿಗೆ ಸೋದರತ್ತಿ ಇರತಿದ್ದಿಲ್ಲೇನ, ಒಂದೀಟ ನೋಡಿ ಹೇಳವಾ," ಎಂದು ಕೇಳಿ, ಎರಡನೆಯ ಹೋಳಿಗೆಗೆ ಕೈ ಹಾಕಿದರು.